ಆರನೇ ಹಾಡಿನ ನೀಚ

ನಾನು ಬದುಕಿನಲ್ಲಿ ಬಾಯಿಪಾಠ ಮಾಡಿದ್ದು ಬಹಳ ಕಡಿಮೆ. ಮಗ್ಗಿ ಹನ್ನೆರಡಕ್ಕೇ ನಿಂತಿತು, ವಚನಗಳು ಮೊದಲ ಸಾಲಿನಾಚೆ ನೆನಪಿರುವುದಿಲ್ಲ. ಅಂಥ ನನಗೆ ಈ ಐವತ್ತಾರನೇ ವಯಸ್ಸಿನಲ್ಲಿ, ಪ್ರೀತಿ ಮುರಿದುಬಿದ್ದ ಯಾವಳೋ ಹುಡುಗಿಯ ಹನ್ನೊಂದು ಹಾಡುಗಳ ಆಲ್ಬಮ್ಮು ಪೂರ್ತಿ ಬರುತ್ತದೆ. ಇಳಕಲ್ಲಿನಲ್ಲಿ ಕೈಮಗ್ಗ ಇಟ್ಟುಕೊಂಡ ಗಂಡಸಿಗೆ ಇದೇನು ಹೇಳಿಕೊಳ್ಳುವಂಥ ವಿದ್ಯೆಯಲ್ಲ.

ಕಲಿಸಿದವಳು ನನ್ನ ಮಗಳು ಅಶ್ವಿನಿ. ಕಮತಗಿಯ ಹುಡುಗನ ಸಂಬಂಧ ಮುರಿದ ದಿನ ಅವಳು ಮಾತು ಬಿಟ್ಟು, ಫೋನಿನಲ್ಲಿ ಈ ಆಲ್ಬಮ್ ಹಚ್ಚಿದಳು. ತಪ್ಪಿಸಿಕೊಂಡು ನಾನೆಲ್ಲಿಗೆ ಹೋಗಲಿ? ನಮ್ಮ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಬೇಕು. ಕೊಂಡಿ ಹಾಕುವುದು ಅಂತಾರೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಾನು ಎಳೆ ಕೊಡಬೇಕು, ಅವಳು ಕುಣಿಕೆ ಹಾಕಬೇಕು. ನಮ್ಮಿಬ್ಬರ ನಡುವೆ ಆ ಫೋನು.

ಮೊದಲ ಹಾಡಿನಲ್ಲಿ ಪಿಯಾನೋ ಒಂದೇ. ಹುಡುಗಿ ಹಾಡುತ್ತಾಳೋ ನೆಗಡಿಯಾಗಿ ಉಸಿರೆಳೆಯುತ್ತಾಳೋ ತಿಳಿಯುವುದಿಲ್ಲ. ಮೂರರವರೆಗೂ ಅಳು, ಪಾಪ, ಅವನ ಅಂಗಿ ಇನ್ನೂ ಅವಳ ಹತ್ತಿರವೇ ಇದೆ. ನಾಲ್ಕರಲ್ಲಿ ಡ್ರಮ್ಮು ಶುರುವಾಗಿ ನನ್ನ ಎದೆಯಲ್ಲೂ ಯಾರೋ ಗುದ್ದಿದಂತಾಗುತ್ತದೆ. ಐದರಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಾಳೆ. ಅದನ್ನು ಕೇಳಿದ ದಿನ ನನ್ನ ಹೆಂಡತಿ ಮನೆಯ ಕತ್ತರಿ ಬಚ್ಚಿಟ್ಟಳು. ಆರನೆಯದು ಬರೀ ಸಿಟ್ಟು: ನೀನು ಸುಳ್ಳು ಹೇಳಿದೆ, ನನ್ನನ್ನು ಕೇಳದೆ ಎಲ್ಲ ಮುಗಿಸಿದೆ, ಆಮೇಲೆ ನನ್ನೆದುರೇ ಕೂತು ಚಹಾ ಕುಡಿದೆ ಅಂತ. ಒಂದೇ ಸಾಲು ನಾಲ್ಕು ಸಲ, ಸಲಸಲಕ್ಕೂ ದನಿ ಏರುತ್ತದೆ. ಹನ್ನೊಂದರ ಹೊತ್ತಿಗೆ ವಾದ್ಯಗಳೆಲ್ಲ ನಿಂತು, ತಣ್ಣಗೆ ಕ್ಷಮಿಸಿಬಿಡುತ್ತಾಳೆ. ನನಗೆ ಆ ಹನ್ನೊಂದನೆಯದೇ ಇಷ್ಟ. ಆದರೆ ಕಳೆದ ಸೋಮವಾರದಿಂದ ಅಶ್ವಿನಿ ಆರನ್ನು ದಾಟುತ್ತಿಲ್ಲ. ಮುಗಿದ ಕೂಡಲೇ ಮತ್ತೆ ಅದನ್ನೇ ಹಚ್ಚುತ್ತಾಳೆ.

ಇಷ್ಟಾದ ಮೇಲೆ ನಿಜ ಹೇಳಿಬಿಡುತ್ತೇನೆ. ಸಂಬಂಧ ಮುರಿದವನು ಆ ಹುಡುಗನಲ್ಲ, ನಾನು. ಹೆಣ್ಣು ನೋಡಲು ಬಂದ ದಿನ ನಾನು ಉಡುಗೊರೆ ಕೊಟ್ಟ ಸೀರೆಯನ್ನು ಅವನ ಸೋದರಮಾವ ಬೆರಳಲ್ಲಿ ಉಜ್ಜಿ ನೋಡಿ, "ಪವರ್‌ಲೂಮಿಂದೇನ್ರಿ?" ಅಂದ. ಹದಿನೈದು ದಿನ ಕೂತು ಕೈಯಾರೆ ನೇಯ್ದ ಸೀರೆ! ಮರುದಿನವೇ ಫೋನ್ ಮಾಡಿ ನಿಮ್ಮ ಸಂಬಂಧ ಬೇಡವೆಂದೆ. ಮನೆಯಲ್ಲಿ ಮಾತ್ರ "ಅವರೇ ಒಲ್ಲೆ ಅಂದ್ರು" ಅಂದೆ. ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ ಅಂದುಕೊಂಡಿದ್ದೆ. ಒಬ್ಬ ಮಾವನ ಬೆರಳಿಗೆ ಮಗಳ ಬದುಕನ್ನು ಕೊಟ್ಟ ಮೂರ್ಖ ನಾನು.

ನಿನ್ನೆ ಮಧ್ಯಾಹ್ನ ಆರನೇ ಹಾಡು ಐದನೇ ಸಲ ಶುರುವಾದಾಗ ಸಮಾಧಾನ ಹೇಳೋಣವೆಂದು ಬಾಯಿ ಬಿಟ್ಟೆ. "ಎಂಥಾ ನೀಚ ಅದಾನವ್ವಾ ಇವ! ಇಂಥಾವನ ಜೋಡಿ ಬಾಳ್ವೆ ಮಾಡಾಕ ಆಗ್ತದೇನು?"

ಅಶ್ವಿನಿ ಕುಣಿಕೆ ಬಿಗಿದಳು. ಎಷ್ಟೋ ದಿನದ ಮೇಲೆ ಮಾತಾಡಿದಳು, ಅದೂ 'ರಿ' ಹಚ್ಚಿ, ನನ್ನನ್ನು ಸದಾ 'ನೀ' ಅನ್ನುತ್ತಿದ್ದವಳು. "ಸೋಮವಾರ ಅವ ಫೋನ್ ಮಾಡಿದ್ದನ್ರಿ. ಹುನಗುಂದದ ಹುಡುಗಿ ಜೋಡಿ ಲಗ್ನ ಗೊತ್ತಾಗೈತಂತ. ನಿಮ್ಮ ಅಪ್ಪಾರು ಒಲ್ಲೆ ಅಂದ್ರಲ್ಲ, ನಾ ಏನ್ ಮಾಡ್ಲಿ ಅಂದ."

ಆ ಹಾಡು ಯಾರ ಸಲುವಾಗಿ ಅಂತ ಕೇಳುವ ಅಗತ್ಯವೇ ಉಳಿಯಲಿಲ್ಲ. ಎದುರಿಗೆ ನನ್ನ ಚಹಾದ ಕಪ್ಪು ಬೇರೆ ಇತ್ತು.

"ತಪ್ಪಾತವ್ವಾ," ಅಂದೆ. "ಆ ಹನ್ನೊಂದನೇದು ಹಚ್ಚವ್ವಾ ಒಂದ್ಸಲ."

"ಅದರಾಗ ಆಕಿ ಅವನ್ನ ಬಿಟ್ಟು ದೂರ ಹೋಗ್ತಾಳ್ರಿ, ಆಮ್ಯಾಲ ಕ್ಷಮಾ ಮಾಡ್ತಾಳ. ನಾ ನಿಮ್ಮನ್ನ ಬಿಟ್ಟು ಎಲ್ಲಿ ಹೋಗ್ಲಿ? ಎಳಿ ಕೊಡ್ರಿ."

ಕೊಟ್ಟೆ. ಎರಡು ಎಳೆ ತಪ್ಪಾಗಿ ಕೊಟ್ಟೆ. ಅವಳು ಬಿಚ್ಚಿ ಮತ್ತೆ ಹಾಕಿದಳು, ಬೈಯಲಿಲ್ಲ. ಬೈದರೂ ಸಾಕು ಅಂತ ಬೇಕಂತಲೇ ಮೂರನೆಯದನ್ನೂ ತಪ್ಪಾಗಿ ಕೊಟ್ಟು ನೋಡಿದೆ. ಆಗಲೂ ಬೈಯಲಿಲ್ಲ.