ಹಲ್ಲೆಂಬ ಕತ್ತರಿ

ಕೋಟಿಗೆ ಕೊನೆಯ ಗುಂಡಿ ಹೊಲಿದು, ಎಂದಿನಂತೆ ದಾರವನ್ನು ಮುಂದಿನ ಹಲ್ಲಿಗೆ ಸಿಕ್ಕಿಸಿ ಕಚಕ್ಕನೆ ಕಡಿದ ದರ್ಜಿಗೆ ದಾರದ ಜೊತೆ ಜೀವವೂ ತುಂಡಾದಂತಾಯಿತು. ನಾಲಿಗೆ ಹೋಗಿ ತಡವಿ ನೋಡಿತು. ಹಲ್ಲಿನ ಅಂಚಿನಲ್ಲಿ ಒಂದು ಚೂರು ಇರಲಿಲ್ಲ.

ಮೇಜಿನ ಮೇಲೆ ಕತ್ತರಿಗಳಿಗೇನೂ ಬರವಿರಲಿಲ್ಲ. ಆದರೆ ಕತ್ತರಿ ಬಟ್ಟೆಗೆ, ಹಲ್ಲು ದಾರಕ್ಕೆ ಎನ್ನುವುದು ಅಪ್ಪನ ಕಾಲದಿಂದ ಬಂದ ರೂಢಿ. ಆ ಅಪ್ಪನಿಗೆ ಕೊನೆಕೊನೆಗೆ ಬಾಯಲ್ಲಿ ಹಲ್ಲೇ ಉಳಿದಿರಲಿಲ್ಲ. ಮನೆಯವರೆಲ್ಲ ಉಂಡು ಕೈತೊಳೆದ ಮೇಲೂ ಮುದುಕ ಒಬ್ಬನೇ ತಟ್ಟೆಯ ಮುಂದೆ ಕೂತು, ತುತ್ತನ್ನು ವಸಡಿನಿಂದ ವಸಡಿಗೆ ಹೊರಳಿಸುತ್ತಿದ್ದ. ದರ್ಜಿಗೆ ಸಾವಿಗಿಂತ ಹೆಚ್ಚಿನ ಭಯ ಆ ಒಂಟಿ ತಟ್ಟೆಯದು.

"ಡಾಕ್ಟರ ಹತ್ರ ಹೋಗಿ ಬನ್ನಿ," ಎಂದಳು ಕಾಜ ಹೊಲಿಯುತ್ತಿದ್ದ ಹೆಂಡತಿ.

"ಹೋದ್ರೆ ಕಿತ್ತು ಕೈಗೆ ಕೊಡ್ತಾರೆ ಕಣೇ!"

"ರಾತ್ರಿ ಉಜ್ಜಿ ಮಲಗಿ ಅಂದ್ರೆ ಕೇಳಲಿಲ್ಲ, ದಾರ ಕಡೀಬೇಡಿ ಅಂದ್ರೆ ಕೇಳಲಿಲ್ಲ. ಈಗ ಅನುಭವಿಸಿ."

ಅಷ್ಟರಲ್ಲಿ ಪಕ್ಕದಂಗಡಿಯ ಕ್ಷೌರಿಕ, ಗಿರಾಕಿಯ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿಟ್ಟು ಓಡಿಬಂದ. "ಟೈಲರಣ್ಣ, ಲವಂಗದೆಣ್ಣೆ ಇಟ್ಕೋ, ನೋವು ಹೇಳದೆ ಕೇಳದೆ ಓಡುತ್ತೆ." ಒಂದು ಹನಿ ಸಾಲದೆಂದು ಅರ್ಧ ಸೀಸೆ ಸುರಿದ. ನೋವು ಅಲ್ಲೇ ಕೂತಿತು, ವಸಡು ಸುಟ್ಟಿತು. ಎದುರಿನ ಗಡಿಯಾರ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದು ಬಾಯೊಳಗೆ ಇಣುಕಿದ.

"ಬಿರುಕು ಬಿಟ್ಟಿದೆ ಮಾರಾಯ. ಹೂಂ ಅನ್ನು, ನನ್ನ ಚಿಮಟದಲ್ಲಿ ಎಳೆದು ಬಿಡ್ತೀನಿ."

ಒಂದು ಕೆನ್ನೆಯಲ್ಲಿ ನೊರೆ ಹೊತ್ತ ಗಿರಾಕಿಯೂ ಬಂದು, "ಮಂಜುಗಡ್ಡೆ ಒತ್ತಿ," ಎಂದ. ಒತ್ತಿದರು. ಹಲ್ಲಿನಿಂದ ನೆತ್ತಿಯವರೆಗೆ ಮಿಂಚು ಹೊಡೆದಂತಾಯಿತು.

ಅದೇ ಹೊತ್ತಿಗೆ ಕೋಟಿನ ಯಜಮಾನ ವಕೀಲರು ಬಂದರು. ತೊಟ್ಟು ನೋಡಿ, "ತೋಳು ಸರಿಯಾಗಿದೆಯೇನಯ್ಯ?" ಎಂದರು. ನೋವಿಗೆ ದರ್ಜಿಯ ತಲೆ ಅಡ್ಡಡ್ಡ ಆಡಿತು. "ಇನ್ನೂ ಗಿಡ್ಡ ಆಗ್ಬೇಕಾ?" ಮತ್ತೊಮ್ಮೆ ಸೆಳೆತ ಬಂದು ತಲೆ ಮೇಲೆ ಕೆಳಗೆ ಆಡಿತು. "ಸರಿ, ಕತ್ತರಿಸು." ನೋವಿನ ಮಂಕಿನಲ್ಲಿ ಅವನು ಕತ್ತರಿಸಿಯೇಬಿಟ್ಟ. ವಕೀಲರು ಕನ್ನಡಿ ನೋಡಿ ಹೌಹಾರಿದರು. "ವಾದ ಮಾಡೋಕೆ ಹೊರಟವನ ಥರ ಇದೆಯಾ ಇದು? ಪಾತ್ರೆ ತೊಳೆಯೋಕೆ ಹೊರಟವನ ಥರ ಇದೆ!"

ಇನ್ನು ತಡೆಯಲಾರದೆ ಹೆಂಡತಿ ಗಂಡನ ರಟ್ಟೆ ಹಿಡಿದು ಎಳೆದೊಯ್ದು ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂರಿಸಿ, ವಕೀಲರನ್ನು ಸಮಾಧಾನ ಮಾಡಲು ಅಂಗಡಿಗೆ ವಾಪಸಾದಳು.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಬಾಯೊಳಗೆ ಬೆಳಕು ಬಿಟ್ಟು ನಿಧಾನವಾಗಿ ನೋಡಿದರು.

"ಕೀಳೋದೇನೂ ಬೇಡ ಯಜಮಾನ್ರೇ. ದಾರ ಕಡಿದು ಕಡಿದು ಇಲ್ಲಿ ಗಾಡಿ ಜಾಡಿನ ಹಾಗೆ ಸವೆದಿದೆ, ಅಲ್ಲೇ ಮುರಿದಿದೆ. ತುಂಬಿ ಉಳಿಸಬಹುದು."

"ಉಳಿಯುತ್ತಾ ತಾಯಿ?" ದರ್ಜಿಯ ಕಣ್ಣು ತೇವವಾಯಿತು.

"ನೀವು ಉಳಿಸಿದ್ರೆ. ವಸಡಲ್ಲಿ ರಕ್ತ ಬರುತ್ತೆ ಅಂತ ಉಜ್ಜೋದು ಬಿಟ್ಟಿದ್ದೀರಿ ಅಲ್ವಾ? ಉಜ್ಜದೇ ಇರೋದಕ್ಕೇ ರಕ್ತ ಬರೋದು. ಮೆತ್ತನೆ ಬ್ರಶ್ ತಗೊಂಡು ರಾತ್ರಿನೂ ಉಜ್ಜಿ. ನೋವು ಬಂದ ಮೇಲಲ್ಲ, ಬರೋಕೆ ಮುಂಚೆ ಬಂದು ತೋರಿಸಿ. ಬಟ್ಟೆ ಹರಿದ್ರೆ ತೇಪೆ ಹಾಕ್ತೀರಿ, ದೇವರು ಕೊಟ್ಟ ಹಲ್ಲನ್ನ ಮಾತ್ರ ಕತ್ತರಿ ಮಾಡ್ಕೊಂಡಿದ್ದೀರಿ."

ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, "ತುಟಿ ಜೋಮು ಹಿಡೀಲಿ, ಇರಿ," ಎಂದು ಅವರು ತಿರುಗುವಾಗ ಬಿಳಿ ಕೋಟಿನ ಗುಂಡಿಯೊಂದು ಕಿತ್ತುಬಂದು ಉರುಳಿತು. ದರ್ಜಿಯ ಕೈ ಸುಮ್ಮನಿದ್ದೀತೇ? ಕಾಲರಿನಲ್ಲಿ ಸದಾ ಇರುವ, ದಾರ ಪೋಣಿಸಿದ ಸೂಜಿ ತೆಗೆದು, ನಿಂತವರ ಕೋಟಿಗೇ ಗುಂಡಿ ಹೊಲಿದುಕೊಟ್ಟ. ಅಭ್ಯಾಸಬಲ, ಬಾಯಿ ದಾರದತ್ತ ಬಾಗಿತು.

"ಏಯ್, ಬೇಡ!" ಡಾಕ್ಟರಮ್ಮ ಕೂಗಿದರು. ಅವನು ಕಳ್ಳನಂತೆ ಹಿಂದೆ ಸರಿದ. ಡಾಕ್ಟರಮ್ಮನ ಕತ್ತರಿಗಳೆಲ್ಲ ಕುದಿಯುವ ನೀರಿನಲ್ಲಿದ್ದವು. ಹೊರಗೆ ಕಾಯುತ್ತಿದ್ದ ಯಾರೋ, "ಇನ್ನೂ ಎಷ್ಟೊತ್ತು?" ಎಂದು ಗದರಿದರು. ಸೂಜಿ ಡಾಕ್ಟರಮ್ಮನ ಎದೆಯ ಮೇಲೆ ನೇತಾಡುತ್ತಿತ್ತು.

ಡಾಕ್ಟರಮ್ಮ ಅವಸರದಲ್ಲಿ ಕೋಟನ್ನು ಬಾಯಿಗೆತ್ತಿ ಕಚಕ್ಕನೆ ಕಡಿದರು.

ದಾರ ತುಂಡಾಗಲಿಲ್ಲ. ಅದು ವಕೀಲರ ಕೋಟಿಗೆಂದೇ ತಂದ ಗಟ್ಟಿ ದಾರ. ಡಾಕ್ಟರಮ್ಮ ಬಾಯಿ ಮುಚ್ಚಿಕೊಂಡು ಮೆಲ್ಲನೆ ಕೂತರು. ಅಂಗೈಯಲ್ಲಿ ಅಕ್ಕಿನುಚ್ಚಿನಷ್ಟು ಹಲ್ಲು.

ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಇನ್ನೊಂದು ಬೀದಿಯ ಹಿರಿಯ ಡಾಕ್ಟರ ಬೆಂಚಿನ ಮೇಲೆ ಕೆನ್ನೆಗೆ ಕೈಕೊಟ್ಟು ಕೂತಿದ್ದರು. ಆ ಹಿರಿಯರು ಹೊರಗೆ ಬಂದು, "ಯಾರಿಗಪ್ಪ ನೋವು ಜಾಸ್ತಿ?" ಎಂದು ಕೇಳಿದರು. ದರ್ಜಿ ಹೇಳಲು ಹೋದ. ಜೋಮು ಹಿಡಿದ ತುಟಿಯಿಂದ ಗಾಳಿ ಮಾತ್ರ ಹೊರಟಿತು.

"ನಂಗೇ ಸರ್," ಎಂದರು ಡಾಕ್ಟರಮ್ಮ. "ಇವರಿಗೆ ನಾನಾಗಲೇ ಮರಗಟ್ಟಿಸಿದ್ದೀನಿ. ಎಷ್ಟೊತ್ತು ಬೇಕಾದ್ರೂ ಕಾಯ್ತಾರೆ."

ಬಾಗಿಲು ಮುಚ್ಚಿತು. ದರ್ಜಿ ಒಬ್ಬನೇ ಬೆಂಚಿನ ಮೇಲೆ ಕೂತಿದ್ದ. ತುಟಿಯ ತುದಿಯಲ್ಲಿ ಇರುವೆ ಹರಿದಂತಾಯಿತು. ಆಮೇಲೆ, ನಿಧಾನವಾಗಿ, ಹಲ್ಲಿಗೆ ಪ್ರಜ್ಞೆ ಬಂತು.