‘ಉಪ್ಪಿನ ಚೀಲ’ ನೋಡಿದವರು

ಆ ಮಂಗಳವಾರ ಫಿರ್ದೌಸ್ ಬಸ್ಸಿನಲ್ಲಿ ಒಂದು ಸುಳ್ಳು ಹೇಳಿದಳು. ದೊಡ್ಡದೇನಲ್ಲ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದು.

ಯಲ್ಲಾಪುರದಿಂದ ಮಂಚಿಕೇರಿಗೆ ಹೋಗುವ ಎಂಟೂವರೆ ಬಸ್ಸಿನ ಹಿಂದಿನ ಸೀಟು ನಾಲ್ಕು ವರ್ಷದಿಂದ ನಾಲ್ಕು ಜನರದ್ದು. ಶಾಲೆಯಲ್ಲಿ ಕನ್ನಡ ಕಲಿಸುವ ಲಕ್ಷ್ಮೀ ಅಕ್ಕೋರು, ಅಂಚೆ ಕಚೇರಿಯ ಶಿವಪುತ್ರಪ್ಪ, ನರ್ಸ್ ರಕ್ಷಿತಾ, ಮತ್ತು ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯ ಫಿರ್ದೌಸ್. ಟಿಕೆಟ್ ತೆಗೆಸಿದ ಮೇಲೆ ಅಕ್ಕೋರ ಮಂಡಿನೋವು, ರಕ್ಷಿತಾಳ ಬಾಡಿಗೆ ಮನೆಯ ಸೋರುವ ನಲ್ಲಿ, ಭಾನುವಾರ ದಾಸನಕೊಪ್ಪದಲ್ಲಿ ನಡೆಯಲಿರುವ ಶಿವಪುತ್ರಪ್ಪನ ಮಗಳ ನಿಶ್ಚಿತಾರ್ಥ, ಇಷ್ಟು ಮುಗಿದರೆ ಮುಂದಿನದೆಲ್ಲ ಸಿನಿಮಾ. ನಿನ್ನೆ ಯಾರು ಏನು ನೋಡಿದರು, ಯಾವುದನ್ನು ನೋಡಲೇಬೇಕು, ಯಾವುದಕ್ಕೆ ಕರೆಂಟೂ ದಂಡ.

ಫಿರ್ದೌಸ್‌ಗೆ ಮಾತ್ರ ಹೇಳಲು ಏನೂ ಇರುತ್ತಿರಲಿಲ್ಲ. ಮಕ್ಕಳ ಹೋಂವರ್ಕು, ರೊಟ್ಟಿ, ಪಾತ್ರೆ ಎಲ್ಲ ಮುಗಿಸಿ ಫೋನ್ ಹಿಡಿದರೆ ನಟರ ಹೆಸರು ಬೀಳುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ನಾಲ್ಕು ವರ್ಷವೂ “ಹೌದಾ? ಚೆನ್ನಾಗಿದೆಯಾ?” ಎಂಬ ಎರಡು ಮಾತಿನಲ್ಲೇ ಕಾಲ ತಳ್ಳಿದ್ದಳು.

“ಫಿರ್ದೌಸ್ ಅಕ್ಕಂಗೆ ಕೇಳಿ ಪ್ರಯೋಜನ ಇಲ್ಲ ಬಿಡಿ” ಎಂದಳು ರಕ್ಷಿತಾ. “ಅವರು ಕೊನೇ ಸಲ ನೋಡಿದ್ದು ಅವರ ಮದುವೆ ವಿಡಿಯೋ ಇರ್ಬೇಕು.”

ಮೂವರೂ ನಕ್ಕರು. ಆ ನಗೆ ಒಣಮೆಣಸಿನ ಘಾಟಿನ ಹಾಗೆ ಮೂಗಿಗೇ ಏರಿತು. ಫಿರ್ದೌಸ್ ಕಿಟಕಿಯಾಚೆ ನೋಡಿದಳು. ಅರಬೈಲ್ ಘಟ್ಟ ಹತ್ತಿ ಬಂದ ಉಪ್ಪಿನ ಲಾರಿಯೊಂದು ಪಕ್ಕದಲ್ಲೇ ನಿಂತಿತ್ತು.

“ನಾನೂ ನೋಡ್ತೀನಪ್ಪ. ಮೊನ್ನೆ ‘ಉಪ್ಪಿನ ಚೀಲ’ ನೋಡಿದೆ. ಮಲಯಾಳಂದು, ಕನ್ನಡಕ್ಕೆ ಡಬ್ ಮಾಡಿದ್ದು” ಎಂದುಬಿಟ್ಟಳು.

“ಎಂತ ಕತೆ?” ಅಕ್ಕೋರು ಕೇಳಿದರು.

“ಒಬ್ಬ ಲಾರಿ ಡ್ರೈವರ್. ಘಟ್ಟದಲ್ಲಿ ಯಾರೋ ಒಂದು ಚೀಲ ಹಿಡ್ಕೊಂಡು ಲಾರಿ ಹತ್ತುತ್ತಾನೆ. ಮೇಲೆ ಬಂದು ನೋಡಿದರೆ ಮನುಷ್ಯ ಇಲ್ಲ, ಚೀಲ ಮಾತ್ರ ಇದೆ. ಮುಂದಿಂದು ನೋಡಿಯೇ ತಿಳ್ಕೋಬೇಕು.” ಮುಂದಿನದು ಅವಳಿಗೂ ತಿಳಿದಿರಲಿಲ್ಲ.

ಶಿವಪುತ್ರಪ್ಪ ಕನ್ನಡಕ ಸರಿಮಾಡಿಕೊಂಡ. ಹೊಸ ಸಿನಿಮಾವೊಂದು ತನ್ನನ್ನು ದಾಟಿ ಇನ್ನೊಬ್ಬರ ಮನೆಗೆ ಹೋಯಿತೆಂದರೆ ಅವನಿಗೆ ವಿಳಾಸ ತಪ್ಪಿದ ರಿಜಿಸ್ಟರ್ ಕಾಗದ ಕಂಡಂತಾಗುತ್ತಿತ್ತು. “ನೋಡೇನ್ರಿ ನಾನೂ. ಭಾಳ ಛಲೋ ಐತಿ” ಎಂದ.

ಫಿರ್ದೌಸ್ ತಟ್ಟನೆ ಅವನತ್ತ ತಿರುಗಿದಳು. ಅಷ್ಟರಲ್ಲಿ ರಕ್ಷಿತಾ, “ಓ, ಅದಾ! ನಾನು ಹೋದ ವಾರವೇ ನೋಡಿದೆ” ಎಂದಳು. ಇಬ್ಬರು ನೋಡಿದ್ದನ್ನು ನೋಡಿಲ್ಲವೆನ್ನಲು ಅಕ್ಕೋರಿಗೇನು ಹುಚ್ಚೆ? “ಮೊದಲರ್ಧ ಸ್ವಲ್ಪ ಎಳೆದಿದ್ದು ಹೌದು” ಎಂದರು ಗಂಭೀರವಾಗಿ.

ಬಸ್ ಇಳಿಯುವಾಗ ಫಿರ್ದೌಸ್‌ಗೆ ನಗು ತಡೆಯಲಾಗಲಿಲ್ಲ. ಅಂಗಡಿಯ ಬೀಗ ತೆಗೆದಾಗಲೂ ನಗುತ್ತಿದ್ದಳು. ಮಧ್ಯಾಹ್ನದವರೆಗೆ ಮಾತ್ರ ಆ ನಗು.

ಹನ್ನೆರಡಕ್ಕೆ ಪಹಣಿ ತೆಗೆಸಲು ಬಂದ ನಾಗಪತಿ ಹೆಗಡೆಯವರು ಕುರ್ಚಿ ಎಳೆದು ಕೂತರು. “ತಂಗಿ, ಆ ಉಪ್ಪಿನ ಸಿನಿಮಾ ಇದ್ದಲ್ಲ, ಡ್ರೈವರ್ ಕಡೀಗೆ ಸಾಯ್ತನಾ ಇಲ್ಲವಾ? ಶಾಲೆ ಎದುರಿಗೆ ಅಕ್ಕೋರಿಗೂ ಆ ಪೋಸ್ಟಿನವನಿಗೂ ಅದೇ ಮಾತಿಗೆ ಜೋರು ಹತ್ತಿಬಿಟ್ಟಿದ್ದು.”

ನಡೆದದ್ದಿಷ್ಟು. ಶಾಲೆಗೆ ಟಪಾಲು ತಂದ ಶಿವಪುತ್ರಪ್ಪ, ತಾನು ಸಿನಿಮಾ ನೋಡಿದ್ದು ಖರೆ ಎಂದು ತೋರಿಸಲು, ಡ್ರೈವರ್ ಜೈಲಿಗೆ ಹೋಗುವ ದೃಶ್ಯ ಹೊಗಳಿದ. ಅಕ್ಕೋರು, ಅವನು ಸತ್ತ ಮೇಲೆ ಜೈಲಿಗೆ ಹೇಗೆ ಹೋಗುತ್ತಾನೆ ಎಂದರು. ಇವನು “ನಿದ್ದಿಗಣ್ಣಾಗ ನೋಡೀರಿ” ಎಂದ. ಮೂವತ್ತು ವರ್ಷ ಮಕ್ಕಳ ಉತ್ತರ ತಿದ್ದಿದ ಅಕ್ಕೋರಿಗೇ ನಿಮ್ಮ ಉತ್ತರ ತಪ್ಪು ಎಂದರೆ ಸುಮ್ಮನಿರುತ್ತಾರೆಯೇ?

ಸಂಜೆ ಬಸ್ ಹತ್ತಿದರೆ ಹಿಂದಿನ ಸೀಟು ಎರಡು ಹೋಳಾಗಿತ್ತು. ಒಂದು ಕಿಟಕಿಗೆ ಅಕ್ಕೋರು, ಇನ್ನೊಂದಕ್ಕೆ ಶಿವಪುತ್ರಪ್ಪ. ನಡುವೆ ರಕ್ಷಿತಾ, “ಸಾಯೋದೂ ಇಲ್ಲ, ಜೈಲೂ ಇಲ್ಲ. ಚೀಲ ತಂದವನೇ ಡ್ರೈವರ್ ಅಲ್ವಾ?” ಎಂದು ಉರಿಯುವ ಒಲೆಗೆ ಗಾಳಿ ಹಾಕುತ್ತಿದ್ದಳು.

“ಭಾನುವಾರ ದಾಸನಕೊಪ್ಪಕ್ಕೆ ಆನಂತೂ ಬತ್ನಿಲ್ಲೆ!” ಎಂದರು ಅಕ್ಕೋರು. ಸಿಟ್ಟು ಬಂದರೆ ಅವರಿಗೆ ಮನೆಮಾತೇ ಬರುವುದು. ನಿಶ್ಚಿತಾರ್ಥದ ರಂಗೋಲಿ, ಹಾಡು ಎಲ್ಲ ಅವರದ್ದೇ ಎಂದು ಊರಿಗೆಲ್ಲ ಹೇಳಿಕೊಂಡಿದ್ದ ಶಿವಪುತ್ರಪ್ಪನ ಮುಖ ಬಾಡಿತು. ಆದರೂ, “ಬರದಿದ್ರ ಬಿಡ್ರಿ” ಎಂದ.

ಫಿರ್ದೌಸ್‌ಗೆ ಇನ್ನು ತಡೆಯಲಾಗಲಿಲ್ಲ. ನಾಲ್ಕು ವರ್ಷದ ಸ್ನೇಹ ತಾನು ಕಟ್ಟಿದ ಚೀಲದಲ್ಲಿ ಕರಗುತ್ತಿತ್ತು. ಎದ್ದು ಕಂಬಿ ಹಿಡಿದು ನಿಂತಳು.

“ಅಕ್ಕೋರೇ, ಸರ್, ಕೇಳಿ. ಆ ಸಿನಿಮಾ ಇಲ್ಲವೇ ಇಲ್ಲ. ಲಾರಿ ನೋಡಿ ಬಾಯಿಗೆ ಬಂದದ್ದು ಹೇಳಿದೆ. ಅಲ್ಲಾನ ಆಣೆ!”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

“ಅಂದರೆ ಇಲ್ಲದ ಸಿನಿಮಾ ನಾವು ಮೂರು ಜನ ನೋಡಿದ್ದಾ?” ಅಕ್ಕೋರು ಕೇಳಿದರು.

“ನಮ್ಮ ಜಗಳ ಬಿಡಸಾಕ ಇವ್ರು ಹಿಂಗಂತಾರ” ಎಂದ ಶಿವಪುತ್ರಪ್ಪ. “ಒಳ್ಳೆ ಮನಸು. ಆದ್ರ ನಮ್ಮನ್ನ ಸುಳ್ಳರು ಮಾಡಬಾರ್ದಿತ್ತು.”

ಯಲ್ಲಾಪುರದವರೆಗೂ ಯಾರೂ ಅವಳೊಂದಿಗೆ ಮಾತಾಡಲಿಲ್ಲ.

ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಶಿವಪುತ್ರಪ್ಪ ಹಿಂದಿನಿಂದ ಬಂದ. “ಮೇಡಂ, ನಮ್ಮೊಳಗ ಇರ್ಲಿ. ನಾ ಅದನ್ನ ನೋಡಿಲ್ರಿ. ಇವತ್ತ ಲಿಂಕ್ ಕಳಸ್ರಿ. ಅಕ್ಕೋರು ಅಂದದ್ದು ಖರೆ ಇದ್ರ ಅವ್ರ ಮನೀಗೇ ಹೋಗಿ ತಪ್ಪಾತು ಅಂತೀನಿ.”

“ಸರ್, ಸಿನಿಮಾನೇ ಇಲ್ಲ!”

“ಹಂಗ ಹೆಂಗ ಇರೂದಿಲ್ರಿ? ಅಕ್ಕೋರು ನೋಡ್ಯಾರ, ರಕ್ಷಿತಾ ನೋಡ್ಯಾಳ. ಅವ್ರು ಯಾಕ ಸುಳ್ಳ ಹೇಳ್ತಾರ?”

ಅವನು ಹೋದ. ಹೂವಿನಂಗಡಿಯ ಮರೆಯಿಂದ ಅಕ್ಕೋರು ಕೈಸನ್ನೆ ಮಾಡಿ ಕರೆದರು. “ಎಂತದು ಹೇಳಲಿ ಮಾರಾಯ್ತಿ, ನಾನು ಅದನ್ನ ನೋಡಿದ್ದೇ ಇಲ್ಲ. ಅವರಿಬ್ಬರೂ ನೋಡಿದ್ದು ಅಂದ್ರಲ್ಲ, ನಾನೊಬ್ಬಳೇ ಯಾಕೆ ಹಿಂದೆ ಅಂತ ಹೇಳಿಬಿಟ್ಟೆ. ಲಿಂಕ್ ಕಳಿಸು. ಶಿವಪುತ್ರಪ್ಪ ಹೇಳಿದ ಹಾಗೇ ಇದ್ದರೆ ಭಾನುವಾರ ಬರ್ತೇನೆ. ಇಲ್ಲದಿದ್ದರೆ ಇಲ್ಲ.”

ಮನೆಯ ಗೇಟು ತೆರೆಯುವಾಗ ರಕ್ಷಿತಾಳ ಫೋನು. ಅದೇ ಮಾತು, ಅದೇ ಲಿಂಕು.

ಫಿರ್ದೌಸ್ ಚಪ್ಪಲಿ ಬಿಟ್ಟು ಕುರ್ಚಿಗೆ ಕುಸಿದಳು. ಗಂಡ ತಾರಿಕ್ ಆಗಷ್ಟೇ ಅಂಕೋಲೆಯಿಂದ ಲಾರಿ ತಂದು ನಿಲ್ಲಿಸಿ ಚಹಾ ಕುಡಿಯುತ್ತಿದ್ದ. ನಡೆದದ್ದನ್ನೆಲ್ಲ ಹೇಳೋಣವೆಂದು ಅವಳು ಬಾಯಿ ತೆರೆದು, “ಉಪ್ಪಿನ ಚೀಲ ಅಂತ ಒಂದು ಸಿನಿಮಾ...” ಎಂದಳು.

“ಅರೆ, ಅದಾ? ನೋಡಿದೀನಲ್ಲ!” ತಾರಿಕ್ ಲೋಟ ಕೆಳಗಿಟ್ಟ. “ಲಾರಿಯವರ ಕಷ್ಟ ಏನು ತೋರಿಸಿದಾರೆ ಅಂತೀಯಾ!”

ಫಿರ್ದೌಸ್ ಅವನನ್ನೇ ದಿಟ್ಟಿಸಿದಳು. ಅವನ ಮುಖದಲ್ಲಿ ಸುಳ್ಳಿನ ಒಂದು ಗೆರೆಯೂ ಇರಲಿಲ್ಲ.

“ಕೊನೆಗೆ ಡ್ರೈವರ್ ಏನಾಗ್ತಾನೆ?” ಎಂದು ಮೆಲ್ಲಗೆ ಕೇಳಿದಳು.

“ಕೊನೆ ಹೇಳಿದರೆ ಮಜಾ ಏನುಳೀತು? ನೀನೇ ನೋಡು” ಎಂದ ತಾರಿಕ್, ಕೈಕಾಲು ತೊಳೆಯಲು ಎದ್ದು ಹೋದ.

ಫಿರ್ದೌಸ್ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಫೋನ್ ತೆಗೆದು ಮೆಲ್ಲಗೆ ‘ಉಪ್ಪಿನ ಚೀಲ’ ಎಂದು ಹುಡುಕತೊಡಗಿದಳು.