ಅತ್ತೆ ಕಂಡ ಇಟಲಿ

ಇಟಲಿಯವರಿಗೂ ನಮ್ಮ ಮನೆಗೂ ಯಾವ ಜನ್ಮದ ಋಣಾನುಬಂಧವೋ ಗೊತ್ತಿಲ್ಲ. ಅವರ ಊಟದ ಮೇಜಿಗೆ ಹೋಗಿ ಕೂತೆವೆಂದರೆ ಏನಾದರೊಂದು ಎಡವಟ್ಟು ಆಗದೆ ಎದ್ದು ಬಂದದ್ದೇ ಇಲ್ಲ. ನಾವಿರುವುದು ಫ್ರಾಂಕ್‌ಫರ್ಟಿನಲ್ಲಿ. ನಮ್ಮ ಬೀದಿಯ ತುದಿಯಲ್ಲೇ ಒಂದು ಇಟಾಲಿಯನ್ ಹೋಟೆಲಿದೆ. ನವೆಂಬರಿನಲ್ಲಿ ಆ ವರ್ಷದ ದ್ರಾಕ್ಷಿಯ ಹೊಸ ವೈನ್ ಬಂತೆಂದರೆ, ಹುರಿದ ಚೆಸ್ಟ್‌ನಟ್ ಜೊತೆ ಅದನ್ನು ಕುಡಿಯುವ ಒಂದು ಸಂಜೆ ಅಲ್ಲಿರುತ್ತದೆ. ನಾನು ಆಫೀಸಿಗಾದರೂ ಚಕ್ಕರ್ ಹೊಡೆದೇನು, ಆ ಸಂಜೆಗೆ ಮಾತ್ರ ಹೊಡೆದವನಲ್ಲ.

ಈ ಸಲ ಶರತ್ಕಾಲಕ್ಕೆ ಸರಿಯಾಗಿ ಧಾರವಾಡದಿಂದ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಬಂದರು. ಮಗಳ ಮದುವೆಯಾದ ಮೇಲೆ ಇದೇ ಮೊದಲ ಸಲ, ಅದೂ ಮೂರು ತಿಂಗಳಿಗೆಂದು. ವಾರ ಕಳೆಯುವುದರೊಳಗೆ, "ನನ್ನ ಟಿಕೀಟ ಲಗೂನ ಮಾಡಸ್ರಿ, ಹೊಂಟ ಬಿಡ್ತೇನಿ" ಎಂದರು.

ಚಳಿಯೇ ಎಂದು ಕೇಳಿದೆ. ಚಳಿಯಲ್ಲವಂತೆ.

"ಇಲ್ಲೆ ಯಾರೂ ಮಾತಾಡ್ಸೂದಿಲ್ರೀ. ಎದುರಿನ ಮನಿಯಾಕಿ ಹಲೋ ಅಂತಾಳ, ಬಾಗಲಾ ಹಾಕ್ಕೋತಾಳ. ಮೊಮ್ಮಗಳು ಅಜ್ಜೀ ಅನ್ನೂದಷ್ಟ ಕನ್ನಡ, ಮುಂದಿಂದೆಲ್ಲಾ ಜರ್ಮನ್."

ಅಡುಗೆಮನೆಯಲ್ಲಿ ನನ್ನ ಹೆಂಡತಿ ಸೆರಗಿಲ್ಲದ ಟೀಶರ್ಟಿನ ತೋಳಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೇಗಾದರೂ ಅತ್ತೆಯನ್ನು ಉಳಿಸಿಕೊಳ್ಳಬೇಕಿತ್ತು. ನಮ್ಮ ಮಗಳ ಶಾಲೆಗೆ ಹೆರ್ಬ್‌ಸ್ಟ್‌ಫೆರಿಯನ್, ಅಂದರೆ ಶರತ್ಕಾಲದ ರಜೆ ಬಿದ್ದದ್ದೇ ತಡ, ಎಲ್ಲರನ್ನೂ ಕಾರಿಗೆ ಹತ್ತಿಸಿಕೊಂಡು ಇಟಲಿಯ ದಾರಿ ಹಿಡಿದೆ.

೧. ಗುಡ್ಡದಾಚೆಯ ಊಟ

ಆಲ್ಪ್ಸ್ ದಾಟಿ ಮೊದಲ ಊಟಕ್ಕೆ ಕೂತೆವು. ಮಾಂಸವಿಲ್ಲದ್ದು ಏನಿದೆ ಎಂದು ಕೇಳಿದರೆ ಹೋಟೆಲಿನ ಯಜಮಾನ ಒಂದು ಕ್ಷಣ ಕಣ್ಣು ಮುಚ್ಚಿ, "ಪೊಲೆಂಟಾ" ಎಂದ. ಆ ಸೀಮೆಯ ಹೆಮ್ಮೆಯಂತೆ. ಅವನ ಅಜ್ಜಿ ತಾಮ್ರದ ಪಾತ್ರೆಯಲ್ಲಿ ಕೈ ಸೋಲುವವರೆಗೂ ತಿರುವುತ್ತಿದ್ದಳಂತೆ. ಅಷ್ಟನ್ನೂ ನಾನು ಭಕ್ತಿಯಿಂದ ಕನ್ನಡಕ್ಕೆ ಇಳಿಸಿ ಅತ್ತೆಗೆ ಹೇಳಿದೆ.

ತಟ್ಟೆ ಬಂತು. ಹಳದಿ ಮುದ್ದೆ, ಮೇಲೆ ಅಣಬೆ. ಅತ್ತೆ ಅಣಬೆಯನ್ನು ಪಕ್ಕಕ್ಕೆ ಸರಿಸಿ, ಚಮಚದ ತುದಿಯಲ್ಲಿ ಒಂದು ಚೂರು ನಾಲಗೆಗಿಟ್ಟು ಮಗಳ ಕಡೆ ತಿರುಗಿದರು.

"ಇದು ಗೋವಿನಜೋಳದ ನುಚ್ಚಲ್ಲೇನವಾ?"

"ಹೂಂ ಅವ್ವಾ, ಒಂಥರಾ ಹಂಗ."

"ನುಚ್ಚು ತಿನ್ನಾಕ ಇಷ್ಟೆಲ್ಲಾ ಗುಡ್ಡಾ ದಾಟಿ ಬಂದ್ವಿ?"

ಅಷ್ಟರಲ್ಲಿ ಯಜಮಾನ ಬಂದು, ಅಮ್ಮನವರಿಗೆ ರುಚಿಸಿತೇ ಎಂದು ವಿಚಾರಿಸಿದ. ಅತ್ತೆ ಸಂಕೋಚವಿಲ್ಲದೆ ಹೇಳಿದರು, "ಚಲೋ ಐತಿ ಅನ್ರಿ. ಮಜ್ಜಿಗಿ ಹಾಕೂದು ಮರತಾನ ಅಂತನೂ ಹೇಳ್ರಿ."

೨. ಪೈಲ್ವಾನರು

ವೆರೋನಾದಲ್ಲಿ ರೋಮನ್ನರು ಕಟ್ಟಿದ ದೊಡ್ಡ ಕಲ್ಲಿನ ಅಖಾಡವಿದೆ. ಸುತ್ತ ಮೆಟ್ಟಿಲು, ನಡುವೆ ಬಯಲು. ಅತ್ತೆ ಬಾದಾಮಿ, ಐಹೊಳೆ ಎಲ್ಲ ನೋಡಿ ಬಂದವರು, ಕಲ್ಲಿಗೆ ಸುಲಭಕ್ಕೆ ಬೆರಗಾಗುವ ಪೈಕಿಯಲ್ಲ.

"ಇಲ್ಲೇನು ಮಾಡ್ತಿದ್ರು?"

"ಆಳುಗಳು ಕಾದಾಡ್ತಿದ್ರು ಅತ್ತೆ. ಊರಿನವರು ಸುತ್ತ ಕೂತು ನೋಡ್ತಿದ್ರು."

"ಅಂದ್ರ ಕುಸ್ತಿ ಕಣ. ಗೆದ್ದಾವಗ ಬೆಳ್ಳಿ ಕಡಗ ಕೊಡ್ತಿದ್ರೇನು?"

"ಕಡಗದ ವಿಷಯ ಗೊತ್ತಿಲ್ಲ. ಸೋತವನನ್ನ ಕೆಲವು ಸಲ ಕೊಂದೇ ಬಿಡ್ತಿದ್ರಂತೆ."

ಅತ್ತೆ ಮೆಟ್ಟಿಲ ಮೇಲೆ ಕೂತಿದ್ದ ಊರಿನ ಯುವಕರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಬಿಗಿ ಪ್ಯಾಂಟು, ಕುತ್ತಿಗೆಗೆ ತೆಳ್ಳನೆ ಶಾಲು, ಕೈಯಲ್ಲಿ ಐಸ್‌ಕ್ರೀಮು.

"ಅದಕ್ಕ ನೋಡ್ರಿ," ಎಂದರು, "ಊರಾಗ ಒಬ್ಬ ಪೈಲ್ವಾನನೂ ಉಳದಿಲ್ಲ."

೩. ದಾಕ್ಷಿಣ್ಯ

ಮರುದಿನ ಒಂದು ವೈನ್ ನೆಲಮಾಳಿಗೆಗೆ ಹೋದೆವು. ನಾನು ಕುಡಿಯುವ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಹಳೇ ಕಟ್ಟಡ ನೋಡಿ ಬರೋಣ ಎಂದು ಸಾಗಿಸಿಕೊಂಡು ಹೋಗಿದ್ದೆ. ಅಲ್ಲಿ ದೊಡ್ಡ ರುಚಿಗಾರರ ಗುಂಪೊಂದು ನೆರೆದಿತ್ತು. ಗ್ಲಾಸು ಅಲ್ಲಾಡಿಸುವುದು, ಮೂಸುವುದು, ಬಾಯಲ್ಲಿ ಗುಳುಗುಳು ಮಾಡಿ ಪಕ್ಕದ ಬಕೆಟ್ಟಿಗೆ ಉಗುಳುವುದು. ರುಚಿ ನೋಡುವವರ ಪದ್ಧತಿಯೇ ಅದು. ನನ್ನ ಸರದಿ ಬಂತು. ಎದುರಿಗೆ ಅತ್ತೆ, ಕೈಯಲ್ಲಿ ವೈನು. ಅಂಥಾ ಒಳ್ಳೇ ಮಾಲನ್ನು ಉಗುಳಲು ಮನಸ್ಸೂ ಬರಲಿಲ್ಲ. ಗಟಗಟ ಕುಡಿದು, ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ.

ಕಾರಿನಲ್ಲಿ ಹಿಂದಿನ ಸೀಟಿನಿಂದ ಅತ್ತೆ ಮಗಳಿಗೆ ಮೆಲ್ಲಗೆ ಹೇಳುವುದು ಕೇಳಿಸಿತು. "ಪಾಪ, ಏನೋ ಕೆಟ್ಟು ಹೋದದ್ದು ಕೊಟ್ಟಿದ್ದ ಅಂವಾ. ಎಲ್ಲಾರೂ ಉಗುಳಿದ್ರು. ಮಾಲಕನ ಮನಸ್ಸು ನೋಯಬಾರದಂತ ಅಳಿಯಂದಿರು ಒಬ್ಬರ ನುಂಗಿದ್ರು. ಭಾಳ ದೊಡ್ಡ ಮನಸ್ಸು."

ಹೆಂಡತಿ ನನ್ನನ್ನು ಕನ್ನಡಿಯಲ್ಲಿ ನೋಡಿದಳು. ನಾನು ರಸ್ತೆ ನೋಡಿದೆ.

೪. ಅಕ್ಕ

ಇಷ್ಟೆಲ್ಲ ಸುತ್ತಿ ಫ್ರಾಂಕ್‌ಫರ್ಟಿಗೆ ಮರಳಿ, ನವೆಂಬರು ಬಂದರೂ ಅತ್ತೆಯ ರಾಗ ಬದಲಾಗಲಿಲ್ಲ. "ಎಲ್ಲಾ ಚಂದ ಐತ್ರಿ, ಆದ್ರ ಕಲ್ಲಿನ ಜೋಡಿ ಎಷ್ಟಂತ ಮಾತಾಡ್ಲಿ? ಟಿಕೀಟ ನೋಡ್ರಿ." ನಾಳೆ ಏರ್‌ಲೈನಿಗೆ ಫೋನು ಮಾಡುವುದೆಂದು ತೀರ್ಮಾನವಾಯಿತು. ಹೆಂಡತಿ ಊಟ ಬಿಟ್ಟಳು. ಅದೇ ದಿನ ನಮ್ಮ ಬೀದಿಯ ಹೋಟೆಲಿಗೆ ಹೊಸ ವೈನ್ ಬಂದಿತ್ತು. ಮನೆಯಲ್ಲಿ ಮುಖ ಮುಖ ನೋಡುತ್ತ ಕೂರುವ ಬದಲು ಎಲ್ಲರೂ ಅಲ್ಲಿಗೇ ಹೋದೆವು. ನನ್ನ ಮುಂದೆ ಹೊಸ ವೈನ್ ಬಂತು, ನಾನು ಮತ್ತೆ ದಾಕ್ಷಿಣ್ಯಕ್ಕೆ ನುಂಗತೊಡಗಿದೆ.

ಅಲ್ಲಿಯ ವೇಟರು ಇಟಲಿಯಿಂದ ಈಚೆಗೆ ಬಂದವನು, ನಲವತ್ತು ದಾಟಿದ ಗುಂಡು ಮನುಷ್ಯ. ನೀರಿನ ಬಾಟಲಿ ಹಿಡಿದು ಅತ್ತೆಯ ಪಕ್ಕ ಬಗ್ಗಿ, ಮುಖ ತುಂಬ ನಗುತ್ತ ಕೇಳಿದ, "ಅಕ್ಕ್ವಾ?"

ಚೆಸ್ಟ್‌ನಟ್ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಕೇಳಿದೇನ? ನನಗ ಅಕ್ಕಾ ಅಂದಾ."

ಇಟಾಲಿಯನ್ನಿನಲ್ಲಿ ಅಕ್ಕ್ವಾ ಎಂದರೆ ನೀರು. ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ಹೆಂಡತಿ ನನ್ನ ಕಾಲನ್ನು ಎಷ್ಟು ಜೋರಾಗಿ ತುಳಿದಳೆಂದರೆ ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಹಾಕಪಾ ತಮ್ಮಾ," ಎಂದರು ಅತ್ತೆ. ಅವನು ಹಾಕಿದ. "ಊಟಾ ಆತೇನು?" ಎಂದರು. ಅವನು ಹೌದೆಂಬಂತೆ ತಲೆಯಾಡಿಸಿ "ಸಿ, ಸಿ" ಎಂದ. ಗ್ಲಾಸು ಖಾಲಿಯಾದಾಗಲೆಲ್ಲ ಬಂದು "ಅಕ್ಕ್ವಾ?" ಎಂದ. ಅಷ್ಟೊಂದು ನೀರನ್ನು ಅತ್ತೆ ಬೇಸಿಗೆಯಲ್ಲೂ ಕುಡಿದವರಲ್ಲ. ಮುಖ ಮಾತ್ರ ಅರಳಿಕೊಂಡೇ ಇತ್ತು.

ಅಷ್ಟರಲ್ಲಿ ಪಕ್ಕದ ಮೇಜಿಗೆ ಗಿರಿಜಾ ಮೀಸೆಯ ಆಜಾನುಬಾಹು ಜರ್ಮನ್ ಒಬ್ಬ ಬಂದು ಕೂತ. ವೇಟರು ನೇರ ಅವನ ಬಳಿ ಹೋಗಿ ಬಗ್ಗಿ ಕೇಳಿದ, "ಅಕ್ಕ್ವಾ?"

ಮುಗಿಯಿತು ಎಂದುಕೊಂಡೆ. ಹೆಂಡತಿ ಕಣ್ಣು ಮುಚ್ಚಿದಳು. ಅತ್ತೆ ಆ ಮೀಸೆಯನ್ನೊಮ್ಮೆ, ವೇಟರನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

"ಪಾಪ, ಇನ್ನೂ ಈಗ ಕನ್ನಡ ಕಲಿಯಾಕ ಹತ್ಯಾನ. ಗಂಡಸರಿಗೂ ಅಕ್ಕಾ ಅಂತಾನ." ಆಮೇಲೆ ನನ್ನ ಕಡೆ ತಿರುಗಿದರು. "ಟಿಕೀಟ ಇದ್ದಂಗ ಇರ್ಲಿ ಬಿಡ್ರಿ. ಇಂವಗ ಅಣ್ಣಾ ಅನ್ನೂದು ಕಲಿಸೇ ಹೋಗ್ತೇನಿ."